ದಪ್ಪ ಪುಸ್ತಕಕ್ಕೆ ದಿನದಲ್ಲೊಂದು ಜಾಗ: ಮುಂದೂಡುತ್ತಲೇ ಬಂದ ಓದನ್ನು ಕೈಗೆತ್ತಿಕೊಳ್ಳುವ ಕ್ರಮ

ರಾಜ್ಯೋತ್ಸವದ ತಿಂಗಳಿನ ರಿಯಾಯಿತಿ ಮಾರಾಟದಲ್ಲೋ ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲೋ ಉತ್ಸಾಹದಿಂದ ಕೊಂಡು ತಂದ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಮುಂದಿನ ನವೆಂಬರ್ ಬರುವವರೆಗೂ ಬಿಲ್ಲಿನ ಸಮೇತ ಹಾಗೆಯೇ ಉಳಿದಿರುತ್ತವೆ. ದೀಪಾವಳಿ ವಿಶೇಷಾಂಕಗಳ ಗತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಕಾರಣ ಕೇಳಿದರೆ ಬಿಡುವಿಲ್ಲ ಎಂಬ ಉತ್ತರ ಬರುತ್ತದೆ, ಮತ್ತು ಆ ಉತ್ತರ ಸಾಮಾನ್ಯವಾಗಿ ನಿಜವೇ ಆಗಿರುತ್ತದೆ. ಆದರೆ ಓದನ್ನು ಬಿಡುವಿಗೆ ಬಿಟ್ಟುಕೊಡುವುದೇ ತೊಂದರೆಯ ಮೂಲವೆಂದು ನನಗೆ ತೋರುತ್ತದೆ. ಮಿಕ್ಕೆಲ್ಲ ಕೆಲಸಗಳು ಮುಗಿದ ಬಳಿಕ ಉಳಿಯುವ ಹೊತ್ತಿನಲ್ಲಿ ಓದುತ್ತೇನೆಂದು ಹೊರಟವರಿಗೆ ಉಳಿಯುವುದು ಹೊತ್ತಲ್ಲ, ದಣಿವು.

ಹಿಂದಿನವರು ಓದಿಗೆ ಹೊತ್ತು ಹೊಂದಿಸಿಕೊಂಡ ಬಗೆಯನ್ನು ಸ್ವಲ್ಪ ಗಮನಿಸಬೇಕು. ನಮ್ಮ ಹಳ್ಳಿಗಳಲ್ಲಿ ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ಅರ್ಥ ಹೇಳುವ ರೂಢಿ ಬಹುಕಾಲ ಇತ್ತು. ಉತ್ತರ ಕರ್ನಾಟಕದ ಮಠಗಳಲ್ಲೂ ಗುಡಿಗಳಲ್ಲೂ ಶ್ರಾವಣ ಮಾಸದುದ್ದಕ್ಕೂ ಪುರಾಣ ಹೇಳಿಸುವ ಪದ್ಧತಿ ಇಂದಿಗೂ ಇದೆ. ಅಲ್ಲಿ ಕೇಳಲು ಬಂದು ಕೂರುತ್ತಿದ್ದವರು ಹೊಲದ ಕೆಲಸ ಮುಗಿಸಿ, ದನಕರುಗಳನ್ನು ಕಟ್ಟಿ, ಊಟ ಮಾಡಿ ಬಂದವರೇ ಹೊರತು ಬಿಡುವಾಗಿದ್ದವರಲ್ಲ. ಆದರೂ ತಿಂಗಳುಗಟ್ಟಲೆ ಒಂದೇ ಕಾವ್ಯ ಸಾಗುತ್ತಿತ್ತು, ಏಕೆಂದರೆ ಯಾವ ತಿಂಗಳು, ಯಾವ ಹೊತ್ತು, ಯಾವ ಜಗಲಿ, ಯಾವ ಪುಸ್ತಕ ಎಂಬ ನಾಲ್ಕೂ ಮೊದಲೇ ನಿಶ್ಚಯವಾಗಿರುತ್ತಿದ್ದವು. ಒಂಟಿಯಾಗಿ ಮೌನವಾಗಿ ಓದುವ ನಾವು ಪ್ರತಿದಿನವೂ ಈ ನಾಲ್ಕನ್ನು ಹೊಸದಾಗಿ ತೀರ್ಮಾನಿಸಲು ಹೋಗುತ್ತೇವೆ, ತೀರ್ಮಾನವಾಗುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಮುಂದೆ ಹೇಳುವ ಕ್ರಮವೆಲ್ಲ ಈ ನಾಲ್ಕು ತೀರ್ಮಾನಗಳನ್ನು ಒಮ್ಮೆಲೇ ಮಾಡಿ ಮುಗಿಸುವುದಕ್ಕೆ ಸಂಬಂಧಿಸಿದ್ದು.

ಮೊದಲು ರಾಶಿಯನ್ನು ಕರಗಿಸಿ

ಓದಬೇಕೆಂದು ಇಟ್ಟುಕೊಂಡ ಪುಸ್ತಕಗಳನ್ನೆಲ್ಲ ಒಂದು ಭಾನುವಾರ ಕಪಾಟಿನಿಂದ ಇಳಿಸಿ ನೆಲದ ಮೇಲೆ ಹರಡಿಕೊಳ್ಳಿ. ಫೋನಿನಲ್ಲಿ ಇಳಿಸಿಟ್ಟುಕೊಂಡ ಪಿಡಿಎಫ್‌ಗಳ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದು ಅದೇ ರಾಶಿಗೆ ಸೇರಿಸಿ. ಬಳಿಕ ಒಂದೊಂದನ್ನೇ ಕೈಗೆತ್ತಿಕೊಂಡು, ಇದನ್ನು ನಾನು ಓದಬಯಸುತ್ತೇನೆಯೋ ಅಥವಾ ಓದಿದವನು ಎನ್ನಿಸಿಕೊಳ್ಳಬಯಸುತ್ತೇನೆಯೋ ಎಂದು ಕೇಳಿಕೊಳ್ಳಿ. ಎರಡನೆಯ ಉತ್ತರ ಬಂದ ಪುಸ್ತಕವನ್ನು ಹಿಂಜರಿಯದೆ ಪಕ್ಕಕ್ಕೆ ಸರಿಸಬಹುದು. ಪ್ರಶಸ್ತಿ ಬಂದಿದೆಯೆಂದು ಕೊಂಡದ್ದು, ಸ್ನೇಹಿತರು ಸಹಿ ಹಾಕಿ ಕೊಟ್ಟದ್ದು, ಚರ್ಚೆಯಾಗುತ್ತಿದ್ದಾಗ ತರಿಸಿಕೊಂಡು ಚರ್ಚೆ ತಣ್ಣಗಾದ ಮೇಲೆ ಮರೆತದ್ದು, ಇವೆಲ್ಲ ಬೇರೆ ಕಪಾಟಿಗೆ ಹೋಗಲಿ. ಊರಿನ ಗ್ರಂಥಾಲಯಕ್ಕೋ ಶಾಲೆಗೋ ಕೊಟ್ಟುಬಿಟ್ಟರೆ ಇನ್ನೂ ಒಳ್ಳೆಯದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿಯೂ ಒಳ್ಳೆಯ ಸ್ಥಿತಿಯ ಪುಸ್ತಕಗಳು ಉಪಯೋಗಕ್ಕೆ ಬರುತ್ತವೆ. ಕೊಡುವ ಮೊದಲು ಅಲ್ಲಿನ ಮೇಲ್ವಿಚಾರಕರನ್ನು ವಿಚಾರಿಸುವುದು ಸೌಜನ್ಯ.

ಉಳಿದವುಗಳಲ್ಲಿ ಮೂರನ್ನು ಮಾತ್ರ ಆರಿಸಿಕೊಳ್ಳಿ: ದಪ್ಪನೆಯದೊಂದು, ಬಿಡಿಬಿಡಿಯಾಗಿ ಓದಬಹುದಾದುದೊಂದು, ಕೇಳಿಸಿಕೊಳ್ಳಬಹುದಾದುದೊಂದು. ಮೂರು ಏಕೆಂಬುದನ್ನು ಮುಂದೆ ಹೇಳುತ್ತೇನೆ. ಮಿಕ್ಕವು ಕಣ್ಣಿಗೆ ಬೀಳದ ಜಾಗಕ್ಕೆ ಹೋಗುವುದು ಮುಖ್ಯ, ಏಕೆಂದರೆ ಓದದ ಇಪ್ಪತ್ತು ಪುಸ್ತಕಗಳ ಎದುರು ಕುಳಿತು ಒಂದನ್ನು ಓದುವಾಗ ಮನಸ್ಸು ಉಳಿದ ಹತ್ತೊಂಬತ್ತರ ಲೆಕ್ಕ ಹಾಕುತ್ತಿರುತ್ತದೆ.

ಹೊತ್ತು ಎಲ್ಲಿಂದ ಬರುತ್ತದೆ ಎಂಬುದನ್ನು ಹೆಸರಿಸಿ

ಓದಿಗೆ ಸಮಯವನ್ನು ಹುಡುಕುವುದೆಂದರೆ ವಾಸ್ತವದಲ್ಲಿ ಈಗ ಇನ್ನೊಂದಕ್ಕೆ ಹೋಗುತ್ತಿರುವ ಸಮಯವನ್ನು ಕಿತ್ತುಕೊಳ್ಳುವುದೇ ಆಗಿದೆ. ಆ ಇನ್ನೊಂದು ಯಾವುದೆಂದು ಹೆಸರು ಹಿಡಿದು ಹೇಳದಿದ್ದರೆ ಕೊನೆಗೆ ಓದು ನಿದ್ದೆಯನ್ನು ಕಿತ್ತುಕೊಳ್ಳುತ್ತದೆ, ಮತ್ತು ನಾಲ್ಕೈದು ದಿನಗಳಲ್ಲಿ ನಿದ್ದೆ ಅದನ್ನು ವಾಪಸು ಪಡೆಯುತ್ತದೆ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಆಂಡ್ರಾಯ್ಡ್ ಆದರೆ ಡಿಜಿಟಲ್ ವೆಲ್‌ಬೀಯಿಂಗ್ ಎಂಬಲ್ಲಿ, ಐಫೋನ್ ಆದರೆ ಸ್ಕ್ರೀನ್ ಟೈಮ್ ಎಂಬಲ್ಲಿ, ಯಾವ ಆ್ಯಪ್‌ನಲ್ಲಿ ದಿನಕ್ಕೆ ಎಷ್ಟು ಹೊತ್ತು ಕಳೆದಿರಿ ಎಂಬ ಲೆಕ್ಕ ಸಿಗುತ್ತದೆ. ಒಂದು ವಾರದ ಅಂಕಿಗಳನ್ನು ನೋಡಿ, ಅದರಲ್ಲಿ ಅರ್ಧ ಗಂಟೆಯನ್ನು ಯಾವ ಆ್ಯಪ್‌ನಿಂದ ತೆಗೆಯುತ್ತೀರಿ ಎಂದು ನಿರ್ಧರಿಸಿ, ಅದೇ ಜಾಗದಲ್ಲಿ ಆ ಆ್ಯಪ್‌ಗೆ ದಿನದ ಮಿತಿಯನ್ನು ಹಾಕಿಡಬಹುದು. ಮಿತಿ ಮುಗಿದಾಗ ಫೋನು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಮೀರುವುದೂ ಸುಲಭವೇ ಆದರೂ, ಮೀರುತ್ತಿದ್ದೇನೆಂದು ಗೊತ್ತಾಗುವುದೇ ಎಷ್ಟೋ ಸಲ ಸಾಕಾಗುತ್ತದೆ.

ಎಲ್ಲರ ಸಮಯವೂ ಫೋನಿನಲ್ಲೇ ಸೋರಿಹೋಗುತ್ತಿದೆ ಎಂದು ಭಾವಿಸುವುದು ಅನ್ಯಾಯ. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಮಕ್ಕಳ ಡಬ್ಬಿ, ಹಿರಿಯರ ಔಷಧಿ, ಕಚೇರಿ ಎಲ್ಲವನ್ನೂ ತೂಗಿಸುವ ಗೃಹಿಣಿಗೆ ಸಮಯ ನಿರ್ವಹಣೆಯ ಪಾಠ ಹೇಳುವುದು ಉಪದೇಶವಾಗುತ್ತದೆಯೇ ಹೊರತು ಸಹಾಯವಾಗುವುದಿಲ್ಲ. ಅಂಥ ಮನೆಯಲ್ಲಿ ಓದಿನ ಹೊತ್ತನ್ನು ಹೊರಡಿಸಬೇಕಾದದ್ದು ಕೆಲಸದ ಹಂಚಿಕೆಯಿಂದ. ರಾತ್ರಿಯೂಟದ ನಂತರ ಪಾತ್ರೆ ತೊಳೆದು ಅಡುಗೆಕಟ್ಟೆ ಒರೆಸುವ ಕೆಲಸವನ್ನು ವಾರಕ್ಕೆ ಮೂರು ದಿನ ಮನೆಯ ಇನ್ನೊಬ್ಬರು ವಹಿಸಿಕೊಂಡರೆ ಆ ಮೂರು ದಿನಗಳ ಅರ್ಧ ಗಂಟೆ ಆಕೆಯದಾಗುತ್ತದೆ. ಇದನ್ನು ಸೂಚ್ಯವಾಗಿ ಹೇಳಿ ಕಾಯುವುದಕ್ಕಿಂತ, ಮಂಗಳವಾರ, ಗುರುವಾರ, ಶನಿವಾರ ಎಂದು ದಿನಗಳನ್ನು ಹೆಸರಿಸಿ ಎಲ್ಲರೆದುರು ಮಾತಾಡಿಕೊಳ್ಳುವುದು ಲೇಸು. ಓದುವವರು ಸುಮ್ಮನೆ ಕುಳಿತಿದ್ದಾರೆ ಎಂಬ ಭಾವನೆ ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಇನ್ನೂ ಗಟ್ಟಿಯಾಗಿಯೇ ಇದೆ. ಪುಸ್ತಕ ಹಿಡಿದು ಕೂತವರನ್ನು ಕರೆಯುವಷ್ಟು ನಿಸ್ಸಂಕೋಚವಾಗಿ ಪೂಜೆಗೆ ಕೂತವರನ್ನು ಯಾರೂ ಕರೆಯುವುದಿಲ್ಲ.

ವೇಗವನ್ನು ಅಳೆದು ಲೆಕ್ಕ ಹಾಕಿ

ದಪ್ಪ ಪುಸ್ತಕ ಹೆದರಿಸುವುದು ಅದರ ಗಾತ್ರವನ್ನು ನಾವು ದಿನಗಳಲ್ಲಿ ಕಾಣದೆ ಪುಟಗಳಲ್ಲಿ ಕಾಣುವುದರಿಂದ. ಆರಿಸಿಕೊಂಡ ಪುಸ್ತಕದ ನಡುವಿನ ಯಾವುದಾದರೂ ಪುಟದಿಂದ ಹತ್ತು ನಿಮಿಷ, ಅವಸರವಿಲ್ಲದೆ, ಓದಿ ನೋಡಿ. ಐದು ಪುಟ ಸಾಗಿತೆಂದು ಇಟ್ಟುಕೊಳ್ಳೋಣ. ಹಾಗಾದರೆ ಅರ್ಧ ಗಂಟೆಗೆ ಹದಿನೈದು ಪುಟ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾದಂದಿನಿಂದ ಎಷ್ಟು ಜನರ ಕಪಾಟಿನಲ್ಲಿ ‘ಮುಂದಿನ ರಜೆಯಲ್ಲಿ ಓದುವ’ ಪುಸ್ತಕವಾಗಿ ಉಳಿದಿದೆಯೋ ತಿಳಿಯದು. ಅದನ್ನು ಏಳುನೂರು ಪುಟಗಳ ಕಾದಂಬರಿಯೆಂದು ಹಿಡಿದರೂ ಈ ಲೆಕ್ಕದಲ್ಲಿ ನಲವತ್ತೇಳು ದಿನಗಳಲ್ಲಿ ಮುಗಿಯುತ್ತದೆ. ದಿನಕ್ಕೆ ಇಪ್ಪತ್ತೇ ನಿಮಿಷ ಸಿಕ್ಕರೂ ಎಪ್ಪತ್ತು ದಿನ, ಅಂದರೆ ಯುಗಾದಿಗೆ ಹಿಡಿದವರು ಮಳೆಗಾಲದ ಆರಂಭಕ್ಕೆ ಮುಗಿಸಬಹುದು. ಈ ಸಂಖ್ಯೆಯನ್ನು ಪುಸ್ತಕದ ಮೊದಲ ಖಾಲಿ ಹಾಳೆಯಲ್ಲಿ ಸೀಸದಕಡ್ಡಿಯಿಂದ ಬರೆದಿಡಿ. ದಿನದ ಗುರಿಯನ್ನು ಮಾತ್ರ ಪುಟಗಳಲ್ಲಿ ಇಡದೆ ನಿಮಿಷಗಳಲ್ಲಿ ಇಡುವುದು ಒಳ್ಳೆಯದು. ಹದಿನೈದು ಪುಟ ಮುಗಿಸಲೇಬೇಕೆಂಬ ಹಟ ಬಂದರೆ ಮಲೆನಾಡಿನ ಕಾಡಿನ ವರ್ಣನೆಯನ್ನು ಹಾರಿಸಿ ಮಾತುಕತೆ ಇರುವ ಸಾಲುಗಳಿಗೆ ಓಡುವ ಚಾಳಿ ಶುರುವಾಗುತ್ತದೆ, ಹಾಗೆ ಓದಿದ ಪುಸ್ತಕವನ್ನು ಓದಿದಂತೆ ಆಗುವುದಿಲ್ಲ.

ಹೊತ್ತಿಗೆ ತಕ್ಕ ಪುಸ್ತಕ

ಓದು ನಿಂತುಹೋಗುವುದಕ್ಕೆ ನಾನು ಕಂಡ ಅತಿ ದೊಡ್ಡ ಕಾರಣವೆಂದರೆ ಹೊತ್ತಿಗೂ ಪುಸ್ತಕಕ್ಕೂ ಜೋಡಿ ತಪ್ಪುವುದು. ದಿನದಲ್ಲಿ ಸಿಗುವ ಅರ್ಧ ಗಂಟೆಗಳೆಲ್ಲ ಒಂದೇ ಗುಣದವಲ್ಲ. ಬೆಳಗಿನ ಕಾಫಿಯ ಹತ್ತು ನಿಮಿಷದಲ್ಲಿ ಮನಸ್ಸು ತಿಳಿಯಾಗಿರುತ್ತದೆ, ಆದರೆ ಹೊತ್ತು ಚಿಕ್ಕದು. ಬಸ್ಸಿನ ಒಂದು ಗಂಟೆ ದೊಡ್ಡದು, ಆದರೆ ಕುಲುಕಾಟದ್ದು. ರಾತ್ರಿಯ ಅರ್ಧ ಗಂಟೆ ಶಾಂತ, ಆದರೆ ಕಣ್ಣು ಭಾರ. ಮೇಲೆ ಮೂರು ಪುಸ್ತಕಗಳನ್ನು ಆರಿಸಲು ಹೇಳಿದ್ದು ಇದಕ್ಕಾಗಿ.

ಚಿಕ್ಕ ಹೊತ್ತಿಗೆ ತನ್ನಷ್ಟಕ್ಕೆ ತಾನೇ ಪೂರ್ಣವಾದ ಬರಹ ಬೇಕು, ಮತ್ತು ಈ ವಿಷಯದಲ್ಲಿ ಕನ್ನಡದ ಓದುಗ ಅದೃಷ್ಟವಂತ. ವಚನಗಳು ಕೆಲವೇ ಸಾಲುಗಳವು. ಒಂದನ್ನು ಓದಿ, ಮತ್ತೊಮ್ಮೆ ಓದಿ, ಪುಸ್ತಕ ಮುಚ್ಚಿ ಕೆಲಸಕ್ಕೆ ಹೊರಟರೂ ಏನನ್ನೂ ಅರ್ಧಕ್ಕೆ ಬಿಟ್ಟಂತಾಗುವುದಿಲ್ಲ. ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದಲ್ಲಿ ನಾಲ್ಕು ಸಾಲಿನ 945 ಪದ್ಯಗಳಿವೆ. ದಿನಕ್ಕೊಂದು ಪದ್ಯದಂತೆ ಓದಿದರೆ ಎರಡು ವರ್ಷ ಏಳು ತಿಂಗಳು, ಮೂರರಂತೆ ಓದಿದರೆ ಹನ್ನೊಂದು ತಿಂಗಳೂ ಬೇಡ. ನನ್ನ ಅಭಿಪ್ರಾಯದಲ್ಲಿ ಮೂರು ಹೆಚ್ಚಾಯಿತು, ಒಂದೇ ಸರಿ. ಸಾಲುಸಾಲಾಗಿ ಓದಿದರೆ ಪದ್ಯಗಳು ಒಂದರ ಮೇಲೊಂದು ಬಿದ್ದು ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಸಣ್ಣಕತೆ, ಪ್ರಬಂಧ, ಪತ್ರಿಕೆಯ ಅಂಕಣಗಳ ಸಂಕಲನ, ಓದದೆ ಉಳಿದ ವಿಶೇಷಾಂಕ, ಇವೂ ಈ ಹೊತ್ತಿಗೆ ಸಲ್ಲುತ್ತವೆ. ಕಾದಂಬರಿ ಸಲ್ಲುವುದಿಲ್ಲ, ಏಕೆಂದರೆ ಹತ್ತು ನಿಮಿಷದಲ್ಲಿ ಐದು ನಿಮಿಷ ಹಿಂದಿನದನ್ನು ನೆನೆಸಿಕೊಳ್ಳುವುದಕ್ಕೇ ಹೋಗುತ್ತದೆ.

ಪ್ರಯಾಣದ ಹೊತ್ತನ್ನು ಎರಡು ಬಗೆಯಾಗಿ ನೋಡಬೇಕು. ಬೆಂಗಳೂರಿನ ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕರೆ ಓದಲು ತೊಂದರೆಯಿಲ್ಲ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ ಸುಮಾರು 43 ಕಿಲೋಮೀಟರ್ ಉದ್ದವಿದ್ದು, ಈ ತುದಿಯಿಂದ ಆ ತುದಿಗೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅದರ ಅರ್ಧದಷ್ಟು ದೂರ ನಿತ್ಯ ಓಡಾಡುವವರಿಗೂ ಹೋಗುತ್ತಾ ಬರುತ್ತಾ ಸೇರಿ ದಿನಕ್ಕೆ ಒಂದು ಗಂಟೆಯ ಓದು ದಕ್ಕುತ್ತದೆ. ಆದರೆ ಸಂಜೆ ಆರರ ನೂಕುನುಗ್ಗಲಿನಲ್ಲಿ ಒಂದು ಕೈ ಹಿಡಿಕೆಗೆ ಹೋದಮೇಲೆ ಏಳುನೂರು ಪುಟದ ಪುಸ್ತಕವನ್ನು ಇನ್ನೊಂದು ಕೈಯಲ್ಲಿ ಹಿಡಿಯುವುದು ಸಾಧ್ಯವಿಲ್ಲ. ಆಗ ಬೇಕಾಗುವುದು ತೆಳ್ಳನೆಯ ಪುಸ್ತಕ ಅಥವಾ ಕೇಳುಪುಸ್ತಕ. ಬಸ್ಸಿನಲ್ಲಿ, ಅದರಲ್ಲೂ ಘಾಟಿಯ ತಿರುವುಗಳಲ್ಲಿ, ಅಕ್ಷರ ನೋಡಿದರೆ ಹಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ದೇಹದ ಚಲನೆಯನ್ನು ಕಿವಿಯೊಳಗಿನ ಸಮತೋಲನದ ಅಂಗ ಗ್ರಹಿಸುತ್ತಿರುವಾಗ ಕಣ್ಣು ಮಾತ್ರ ನಿಶ್ಚಲವಾದ ಪುಟವನ್ನು ನೋಡುತ್ತಿರುವುದು ಇದಕ್ಕೆ ಕಾರಣ. ಇಂಥವರು ಹಟ ಮಾಡಿ ಪ್ರಯೋಜನವಿಲ್ಲ, ಕಿವಿಯಿಂದ ಓದುವುದೇ ದಾರಿ. ಮೈಲ್ಯಾಂಗ್‌ನಂತಹ ಆ್ಯಪ್‌ಗಳಲ್ಲಿ ಕನ್ನಡದ ಇ-ಪುಸ್ತಕಗಳೂ ಕೇಳುಪುಸ್ತಕಗಳೂ ದೊರೆಯುತ್ತವೆ. ಕೇಳುವುದು ಓದಲ್ಲ ಎಂದು ಮೂಗು ಮುರಿಯುವವರಿಗೆ ಕಾವ್ಯವನ್ನು ರಾಗವಾಗಿ ಓದಿ ಕೇಳಿಸುವ ನಮ್ಮ ಗಮಕ ಪರಂಪರೆಯನ್ನು ತೋರಿಸಬಹುದು. ಅಕ್ಷರ ಬಾರದ ಎಷ್ಟೋ ಜನ ಭಾರತದ ಪದ್ಯಗಳನ್ನು ಬಾಯಿಪಾಠ ಹೇಳುತ್ತಿದ್ದದ್ದು ಕೇಳಿ ಕಲಿತೇ.

ಇನ್ನು ದಪ್ಪ ಪುಸ್ತಕ. ಇದಕ್ಕೆ ದಿನದ ಅತಿ ಒಳ್ಳೆಯ ಹೊತ್ತನ್ನೇ ಕೊಡಬೇಕು, ಮಿಕ್ಕಿದ್ದನ್ನಲ್ಲ. ಬೆಳಿಗ್ಗೆ ಬೇಗ ಏಳುವವರಿಗೆ ಮನೆಯವರು ಏಳುವ ಮುನ್ನಿನ ಅರ್ಧ ಗಂಟೆ, ಉಳಿದವರಿಗೆ ಊಟಕ್ಕೆ ಮುಂಚಿನ ಅರ್ಧ ಗಂಟೆ ಅನುಕೂಲ. ಊಟದ ನಂತರ ಹಾಸಿಗೆಯಲ್ಲಿ ಮಲಗಿ ಓದುವ ಯೋಜನೆಯನ್ನು ಬಹಳ ಜನ ಹಾಕಿಕೊಳ್ಳುತ್ತಾರೆ. ಎರಡು ಪುಟಕ್ಕೆ ಪುಸ್ತಕ ಎದೆಯ ಮೇಲೆ ಬೀಳುತ್ತದೆ, ಮರುದಿನ ಅದೇ ಎರಡು ಪುಟ ಮತ್ತೆ.

ಹಳಗನ್ನಡವನ್ನೋ ನಡುಗನ್ನಡವನ್ನೋ ಓದಬೇಕೆಂದು ವರ್ಷಗಳಿಂದ ಅಂದುಕೊಂಡವರ ವಿಷಯ ಬೇರೆ. ಪಂಪ ಭಾರತವೆಂದೇ ಹೆಸರಾದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಹದಿನಾಲ್ಕು ಆಶ್ವಾಸಗಳು, ಅಂದರೆ ಅಧ್ಯಾಯಗಳು, ಇವೆ, ಅದನ್ನು ನಿತ್ಯ ಇಪ್ಪತ್ತು ನಿಮಿಷದ ಲೆಕ್ಕಕ್ಕೆ ಹೊಂದಿಸಲಾಗದು. ಶಬ್ದಾರ್ಥ ನೋಡಲು, ಪದ ಬಿಡಿಸಲು, ಗದ್ಯಾನುವಾದದೊಡನೆ ತಾಳೆ ಹಾಕಲು ಮೇಜಿನ ಮುಂದೆ ಕುಳಿತು ಪೆನ್ಸಿಲು ಹಿಡಿಯಬೇಕಾಗುವುದರಿಂದ, ವಾರಕ್ಕೊಮ್ಮೆ ಒಂದೂವರೆ ಗಂಟೆ ಕೂರುವುದೇ ಸರಿ. ಎರಡು ತಿಂಗಳಿಗೆ ಒಂದು ಆಶ್ವಾಸವಾದರೂ ಎರಡು ವರ್ಷ ನಾಲ್ಕು ತಿಂಗಳಲ್ಲಿ ಪಂಪ ಭಾರತ ಮುಗಿದಿರುತ್ತದೆ. ಕುಮಾರವ್ಯಾಸನದು ಇದಕ್ಕಿಂತ ಸಲೀಸು. ಹತ್ತು ಪರ್ವಗಳ, ಎಂಟು ಸಾವಿರಕ್ಕೂ ಮಿಕ್ಕ ಪದ್ಯಗಳ ಆ ಕಾವ್ಯವನ್ನು ದಿನಕ್ಕೆ ಇಪ್ಪತ್ತು ಪದ್ಯದಂತೆ ಓದಿದರೆ ಒಂದು ವರ್ಷ ಎರಡು ತಿಂಗಳಾಗಬಹುದು. ಆದರೆ ಗಟ್ಟಿಯಾಗಿ ಓದಬೇಕು. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡೆ ನಾಲಗೆಗೆ ಹತ್ತಿದ ಮೇಲೆ ಕಣ್ಣಿಗೆ ಕಗ್ಗಂಟಾಗಿ ಕಂಡ ಎಷ್ಟೋ ಸಾಲುಗಳು ಕಿವಿಗೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಗಮಕಿಗಳ ವಾಚನದ ಧ್ವನಿಮುದ್ರಿಕೆಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಒಂದು ಸಂಧಿಯನ್ನು (ಪರ್ವದೊಳಗಿನ ಅಧ್ಯಾಯವನ್ನು) ಮೊದಲು ಕೇಳಿ, ಬಳಿಕ ಪುಸ್ತಕ ಹಿಡಿದು ಓದುವುದು ಹೊಸಬರಿಗೆ ಒಳ್ಳೆಯ ಕ್ರಮ.

ಜಾಗವೂ ಸಲಕರಣೆಯೂ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದುವ ಪುಸ್ತಕ, ಓದುವ ಜಾಗದಲ್ಲೇ, ಗುರುತಿನ ಚೀಟಿ ಇಟ್ಟ ಸ್ಥಿತಿಯಲ್ಲಿ ಇರಬೇಕು. ಕನ್ನಡಕ ಅದರ ಮೇಲಿರಬೇಕು. ಫೋನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಇರಬೇಕು. ಫೋನಿನಲ್ಲೇ ಓದುವವರು ಆ ಅರ್ಧ ಗಂಟೆಗೆ ಇಂಟರ್ನೆಟ್ ಸಂಪರ್ಕವನ್ನು ನಿಲ್ಲಿಸಿಕೊಳ್ಳಬಹುದು. ಹಳೆಯ ಪುಸ್ತಕಗಳ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಲ್ಲಿ ಒತ್ತಕ್ಷರಗಳು ಚಿಕ್ಕ ಪರದೆಯ ಮೇಲೆ ಕಲಸಿಹೋಗುವುದರಿಂದ ಫೋನನ್ನು ಅಡ್ಡಲಾಗಿ ಹಿಡಿದು, ಪುಟದ ಅಗಲಕ್ಕೆ ಹಿಗ್ಗಿಸಿ ಓದಿದರೆ ಕಣ್ಣಿಗೆ ಶ್ರಮ ಕಡಿಮೆ. ದಪ್ಪ ಪುಸ್ತಕವನ್ನು ಮಾತ್ರ ಹಾಗೆ ಓದುವ ಸಾಹಸ ಬೇಡ. ಮುದ್ರಿತ ಪ್ರತಿ ಸಿಗುವವರೆಗೆ ಕಾಯಿರಿ ಇಲ್ಲವೇ ಗ್ರಂಥಾಲಯದಿಂದ ತನ್ನಿ.

ಗ್ರಂಥಾಲಯದ ಗಡುವು, ಜೊತೆಗಾರರ ಕಣ್ಣು

ಸ್ವಂತ ಪುಸ್ತಕಕ್ಕಿಲ್ಲದ ಒಂದು ಗುಣ ಗ್ರಂಥಾಲಯದ ಪುಸ್ತಕಕ್ಕಿದೆ: ಅದನ್ನು ಮರಳಿಸಲೇಬೇಕು. ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಒತ್ತಿದ ದಿನಾಂಕ ನಮ್ಮ ಯಾವ ಸಂಕಲ್ಪಕ್ಕಿಂತಲೂ ಬಲವಾಗಿ ಕೆಲಸ ಮಾಡುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದಾಗಿ ಕರ್ನಾಟಕದಲ್ಲಿ ಗ್ರಂಥಾಲಯಗಳ ದೊಡ್ಡ ಜಾಲವೇ ಬೆಳೆದಿದೆ, ಮತ್ತು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಕಟ್ಟುವವರು ನಾವೇ. ಹಣ ಕೊಟ್ಟಾಗಿದೆ, ಪುಸ್ತಕ ತಂದು ಓದುವುದಷ್ಟೇ ಉಳಿದಿದೆ. ಹತ್ತಿರದ ಶಾಖೆಗೆ ಹೋಗಿ ಸದಸ್ಯರಾಗಿ, ನಿಮ್ಮಲ್ಲಿ ಸ್ವಂತ ಪ್ರತಿ ಇದ್ದರೂ ಒಂದೆರಡು ಸಲ ಗ್ರಂಥಾಲಯದ ಪ್ರತಿಯನ್ನೇ ತಂದು ಓದಿ ನೋಡಿ. ಗಡುವಿನೊಳಗೆ ಮುಗಿಯದಿದ್ದರೆ ಪುಸ್ತಕವನ್ನು ತೋರಿಸಿ ಅವಧಿಯನ್ನು ಮುಂದುವರಿಸಿಕೊಳ್ಳಲು ಕೇಳಬಹುದು.

ಮನೆಯಲ್ಲಿ ಕೂತು ಓದಲು ಸಾಧ್ಯವೇ ಇಲ್ಲದವರಿಗೆ ವಾಚನಾಲಯ ಇನ್ನೊಂದು ದಾರಿ. ಅಲ್ಲಿ ಪತ್ರಿಕೆ ಓದುವ ಹಿರಿಯರೂ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರೂ ತುಂಬಿರುತ್ತಾರೆ, ಜಾಗ ಸಿಗುವುದೇ ಕಷ್ಟವಾಗಬಹುದು. ಆದರೂ ಸುತ್ತ ಎಲ್ಲರೂ ತಲೆ ತಗ್ಗಿಸಿ ಓದುತ್ತಿರುವಾಗ ನಮ್ಮ ಕೈ ಜೇಬಿನ ಫೋನಿನತ್ತ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಇಬ್ಬರು ಸೇರಿ ಒಂದೇ ಪುಸ್ತಕವನ್ನು ಹಿಡಿಯುವುದು ಗುಂಪು ಕಟ್ಟುವುದಕ್ಕಿಂತ ಹೆಚ್ಚು ನಡೆಯುತ್ತದೆ. ಇಪ್ಪತ್ತು ಜನರ ವಾಟ್ಸಾಪ್ ಗುಂಪಿನಲ್ಲಿ ಮೊದಲ ವಾರ ಉತ್ಸಾಹ, ಎರಡನೆಯ ವಾರ ಶುಭೋದಯದ ಚಿತ್ರಗಳು. ಅದರ ಬದಲು ಅಕ್ಕನೊಡನೆಯೋ ಹಳೆಯ ಸಹಪಾಠಿಯೊಡನೆಯೋ, ಪ್ರತಿ ಭಾನುವಾರ ಇಂಥ ಅಧ್ಯಾಯದವರೆಗೆ ಎಂದು ಮಾತಾಡಿಕೊಂಡು, ಹದಿನೈದು ನಿಮಿಷ ಫೋನಿನಲ್ಲಿ ಓದಿದ್ದರ ಬಗ್ಗೆ ಹರಟಿದರೆ ಸಾಕು. ಹೊರದೇಶದಲ್ಲಿರುವ ಕನ್ನಡಿಗರಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ. ಊರಿನ ಅಮ್ಮನಿಗೆ ಮಾಡುವ ವಾರದ ಕರೆಯಲ್ಲಿ ಊಟ, ಹವಾಮಾನ, ಮೊಣಕಾಲು ನೋವಿನ ನಂತರ ಮಾತಿಗೆ ಒಂದು ವಿಷಯವೂ ಸಿಕ್ಕಂತಾಗುತ್ತದೆ.

ಓದು ತಪ್ಪಿಹೋದ ಮೇಲೆ

ಮನೆಯಲ್ಲೊಂದು ಮದುವೆ, ಮಕ್ಕಳ ಪರೀಕ್ಷೆ, ಮಾರ್ಚ್ ತಿಂಗಳ ಲೆಕ್ಕಪತ್ರ, ಯಾರದೋ ಕಾಯಿಲೆ, ಇವುಗಳಿಂದ ಓದು ಎರಡು ಮೂರು ವಾರ ತಪ್ಪುವುದು ಖಂಡಿತ. ತಪ್ಪುವುದಕ್ಕಿಂತ ಅಪಾಯಕಾರಿಯಾದದ್ದು ಮತ್ತೆ ಮೊದಲಿನಿಂದ ಓದುತ್ತೇನೆ ಎಂಬ ತೀರ್ಮಾನ. ಎಷ್ಟೋ ಜನ ಒಂದೇ ಕಾದಂಬರಿಯ ಮೊದಲ ಎಂಬತ್ತು ಪುಟಗಳನ್ನು ನಾಲ್ಕು ಸಲ ಓದಿ, ಎಂಬತ್ತೊಂದನೆಯ ಪುಟವನ್ನು ಒಮ್ಮೆಯೂ ಕಂಡಿರುವುದಿಲ್ಲ. ನಿಂತ ಜಾಗದಿಂದ ಹತ್ತು ಪುಟ ಹಿಂದಕ್ಕೆ ಹೋಗಿ ಅಲ್ಲಿಂದ ಮುಂದುವರಿಯಿರಿ. ಮರೆತ ಎಳೆಗಳಲ್ಲಿ ಬೇಕಾದವು ಮುಂದಿನ ಪುಟಗಳಲ್ಲಿ ತಾವಾಗಿಯೇ ಹೊರಬರುತ್ತವೆ.

ಬಹಳ ಪಾತ್ರಗಳಿರುವ ಪುಸ್ತಕಕ್ಕೆ ಮೊದಲ ದಿನದಿಂದಲೇ ಒಂದು ಚೀಟಿ ಇಟ್ಟುಕೊಂಡಿದ್ದರೆ ಈ ಮರುಪ್ರವೇಶ ಇನ್ನೂ ಸುಲಭ. ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಹಳೆಮನೆ, ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಮನೆಗಳೇ ಹಲವು, ಒಂದೊಂದು ಮನೆಗೂ ಒಡೆಯರು, ನೆಂಟರು, ಆಳುಗಳು. ಪೋಸ್ಟ್‌ಕಾರ್ಡಿನಷ್ಟು ದೊಡ್ಡ ರಟ್ಟಿನಲ್ಲಿ ಒಂದೊಂದು ಮನೆಗೆ ಒಂದೊಂದು ಸಾಲು ಬಿಟ್ಟು, ಹೊಸ ಹೆಸರು ಬಂದಾಗಲೆಲ್ಲ ಆಯಾ ಮನೆಯ ಮುಂದೆ ಬರೆಯುತ್ತಾ ಹೋಗಿ, ಅದನ್ನೇ ಪುಟದ ಗುರುತಿಗೂ ಬಳಸಿ. ಮೂರು ವಾರದ ನಂತರ ಪುಸ್ತಕ ತೆರೆದಾಗ ಗುತ್ತಿ ಯಾವ ಮನೆಯ ಆಳು, ಐತ ಯಾರ ಜೊತೆಗಾರ ಎಂದು ತಡಕಾಡಬೇಕಾಗುವುದಿಲ್ಲ. ನೂರು ಪುಟ ಓದಿದ ಮೇಲೂ ಪುಸ್ತಕ ಹಿಡಿಸದಿದ್ದರೆ ಅದನ್ನು ಕೆಳಗಿಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಳಗಿಟ್ಟ ರಾತ್ರಿಯೇ ಅದರ ಜಾಗಕ್ಕೆ ಇನ್ನೊಂದನ್ನು ತಂದಿಟ್ಟು, ಅದರ ಮೊದಲ ಪುಟವನ್ನು ಓದಿ ಗುರುತಿನ ಚೀಟಿ ಇಟ್ಟು ಮಲಗಿ.